ನೀರನ್ನು ಅಳೆಯುವ ಕೈಯ ಶುದ್ಧಿ

ನೀರು ಕೆಟ್ಟಿದೆಯೇ ಇಲ್ಲವೇ ಎಂಬುದನ್ನು ಕಣ್ಣು, ಮೂಗು, ನಾಲಗೆಗಳ ಸಾಕ್ಷ್ಯದಿಂದ ನಿರ್ಣಯಿಸುತ್ತಿದ್ದ ಕಾಲ ಕಳೆದು ಬಹಳ ದಿನಗಳಾದುವು. ಇಂದಿನ ಮಾಲಿನ್ಯದ ಹೆಚ್ಚಿನ ಪಾಲು ಕಣ್ಣಿಗೆ ಕಾಣದ್ದು. ಒಂದು ಲೀಟರಿನಲ್ಲಿ ಮಿಲಿಗ್ರಾಮಿನ ಸಾವಿರದ ಒಂದು ಪಾಲಿನಷ್ಟು ಕೀಟನಾಶಕ ಬೆರೆತ ನೀರೂ ಸ್ಫಟಿಕದಂತೆ ತಿಳಿಯಾಗಿಯೇ ತೋರುತ್ತದೆ. ಆದ್ದರಿಂದ ಕಾರ್ಖಾನೆಯೊಂದು ನದಿಗೆ ಬಿಡುವ ನೀರು ನಿರಪಾಯವೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಪ್ರಯೋಗಶಾಲೆಗೆ ಬಂದಿದೆ. ಅದು ಕೊಡುವ ಒಂದು ಸಂಖ್ಯೆಯ ಮೇಲೆ ದಂಡ, ಪರವಾನಗಿ, ಎಷ್ಟೋ ವೇಳೆ ಒಂದು ಊರಿನ ಕುಡಿಯುವ ನೀರಿನ ಭವಿಷ್ಯವೂ ನಿಂತಿರುತ್ತದೆ.

ಆದರೆ ಆ ಸಂಖ್ಯೆಯನ್ನು ಪಡೆಯುವ ಕ್ರಮವನ್ನೇ ಪರಿಶೀಲಿಸಹೊರಟರೆ ವಿಚಿತ್ರವಾದ ವಿರೋಧವೊಂದು ಎದುರಾಗುತ್ತದೆ. ನೀರಿನಲ್ಲಿರುವ ಅಣುಮಾತ್ರದ ವಿಷವನ್ನು ಹುಡುಕಲು ಅದಕ್ಕಿಂತ ಲಕ್ಷಾಂತರ ಪಾಲು ಹೆಚ್ಚಿನ ಇನ್ನೊಂದು ವಿಷವನ್ನು ಸುರಿಯುವ ಪದ್ಧತಿ ಇಪ್ಪತ್ತನೆಯ ಶತಮಾನದ ಬಹುಭಾಗ ನಡೆದುಬಂದಿತು. ಪರೀಕ್ಷೆ ಮುಗಿದ ಬಳಿಕ ಆ ವಿಷದ ಬಹುಪಾಲು ಗಾಳಿಗೆ ಹೋಯಿತು. ಉಳಿದದ್ದು ತ್ಯಾಜ್ಯದ ಡಬ್ಬಿಗೆ ಸೇರಿತು. ಹಾನಿಯನ್ನು ಅಳೆಯುವವನೇ ಹಾನಿಗೆ ಕಾರಣನಾಗುವ ಈ ಸಂಕಟವನ್ನು ವಿಜ್ಞಾನಿಗಳು ಯಾವಾಗ ಗುರುತಿಸಿದರು, ಅದರಿಂದ ಹೊರಬರಲು ಯಾವ ದಾರಿಗಳನ್ನು ಹಿಡಿದರು, ಎಲ್ಲಿ ಎಡವಿದರು ಎಂಬ ಇತಿಹಾಸವು ನೀತಿವಿಚಾರದಲ್ಲಿ ಆಸಕ್ತಿಯುಳ್ಳ ಎಲ್ಲರ ಗಮನಕ್ಕೂ ಅರ್ಹವಾದುದು.

ದ್ರಾವಕದ ಅವಶ್ಯಕತೆ

ಎಣ್ಣೆ, ಜಿಡ್ಡು, ಕೀಟನಾಶಕ ಮೊದಲಾದವು ನೀರಿಗಿಂತ ಪೆಟ್ರೋಲಿನಂಥ ದ್ರವಗಳಲ್ಲಿ ಸುಲಭವಾಗಿ ಕರಗುತ್ತವೆ. ಕೈಗಂಟಿದ ಬಣ್ಣ ನೀರಿಗೆ ಬಿಡದೆ ಸೀಮೆಎಣ್ಣೆಗೆ ಬಿಡುವುದನ್ನು ಕಂಡವರಿಗೆಲ್ಲ ಈ ತತ್ತ್ವ ಪರಿಚಿತವೇ. ರಸಾಯನಶಾಸ್ತ್ರಜ್ಞನು ನೀರಿನ ಮಾದರಿಗೆ ನೀರಿನಲ್ಲಿ ಬೆರೆಯದ ದ್ರಾವಕವೊಂದನ್ನು ಸೇರಿಸಿ ಚೆನ್ನಾಗಿ ಕುಲುಕುತ್ತಾನೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಎರಡು ದ್ರವಗಳೂ ಪದರಪದರವಾಗಿ ಬೇರ್ಪಡುತ್ತವೆ. ಅಷ್ಟರಲ್ಲಿ ನೀರಿನಲ್ಲಿದ್ದ ಜಿಡ್ಡು ದ್ರಾವಕಕ್ಕೆ ವಲಸೆ ಹೋಗಿರುತ್ತದೆ. ಆ ದ್ರಾವಕವನ್ನು ಬೇರೆ ತೆಗೆದು ಆವಿಯಾಗಿಸಿದರೆ ಉಳಿಯುವ ಶೇಷವನ್ನು ತೂಗಬಹುದು, ಇಲ್ಲವೇ ಯಂತ್ರಕ್ಕೆ ಒಡ್ಡಬಹುದು.

ಘನಪದಾರ್ಥಗಳಿಗೆ ಇದೇ ತತ್ತ್ವವನ್ನು ಅನ್ವಯಿಸಿದವರು ಫ್ರಾನ್ಸ್ ಫಾನ್ ಸಾಕ್ಸ್‌ಲೆಟ್. ಇವರು 1879ರಲ್ಲಿ ಪ್ರಕಟಿಸಿದ ಗಾಜಿನ ಉಪಕರಣವು ಮೂಲತಃ ಹಾಲಿನ ಕೊಬ್ಬಿನ ಅಂಶವನ್ನು ನಿರ್ಧರಿಸಲು ಹೊರಟದ್ದು. ಕೆಳಗಿನ ಬುರುಡೆಯಲ್ಲಿ ಕುದಿಯುವ ದ್ರಾವಕವು ಆವಿಯಾಗಿ ಮೇಲೇರಿ, ತಂಪಾಗಿ, ಮಾದರಿಯ ಮೇಲೆ ಹನಿಹನಿಯಾಗಿ ಬಿದ್ದು, ಕೊಬ್ಬನ್ನು ಕರಗಿಸಿಕೊಂಡು ಮತ್ತೆ ಬುರುಡೆಗೆ ಇಳಿಯುತ್ತದೆ. ಒಂದೇ ದ್ರಾವಕವು ಮತ್ತೆ ಮತ್ತೆ ಶುದ್ಧವಾಗಿ ಬಂದು ಕೆಲಸ ಮಾಡುವ ಈ ಯುಕ್ತಿಯಲ್ಲಿ ಮಿತವ್ಯಯದ ಬೀಜ ಇದ್ದೇ ಇತ್ತು. ಮುಂದಿನ ನೂರು ವರ್ಷಗಳಲ್ಲಿ ಈ ಉಪಕರಣ ಜಗತ್ತಿನ ಪ್ರಯೋಗಶಾಲೆಗಳನ್ನೆಲ್ಲ ಹೊಕ್ಕಿತು. ಮಣ್ಣಿನ ಒಂದು ಮಾದರಿಗೆ ನೂರಾರು ಮಿ.ಲೀ. ದ್ರಾವಕವನ್ನು ಹಲವು ಗಂಟೆಗಳ ಕಾಲ, ಕೆಲವೊಮ್ಮೆ ಹಗಲು ರಾತ್ರಿ, ಕುದಿಸುವುದು ವಾಡಿಕೆಯಾಯಿತು. ಕೆಲಸ ಮುಗಿದ ಮೇಲೆ ಆ ದ್ರಾವಕ ಎಲ್ಲಿಗೆ ಹೋಗುತ್ತದೆಂಬುದನ್ನು ಯಾರೂ ಲೆಕ್ಕ ಹಿಡಿಯಲಿಲ್ಲ.

ಕಾನೂನಿನೊಡನೆ ಬಂದ ಹೊರೆ

1952ರಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಫಿಯು ಬಳಕೆಗೆ ಬಂದಿತು. 1957ರಲ್ಲಿ ಬ್ರಿಟನ್ನಿನ ಜೇಮ್ಸ್ ಲವ್‌ಲಾಕ್ ಅವರು ಕ್ಲೋರಿನ್‌ಯುಕ್ತ ಪದಾರ್ಥಗಳನ್ನು ಅತ್ಯಲ್ಪ ಪ್ರಮಾಣದಲ್ಲಿಯೂ ಪತ್ತೆಹಚ್ಚಬಲ್ಲ ಎಲೆಕ್ಟ್ರಾನ್ ಕ್ಯಾಪ್ಚರ್ ಶೋಧಕವನ್ನು ರೂಪಿಸಿದರು. ಡಿ.ಡಿ.ಟಿ.ಯಂಥ ಕೀಟನಾಶಕಗಳ ಶೇಷವು ಜೀವಿಗಳ ದೇಹಗಳಲ್ಲಿ ಎಷ್ಟು ವ್ಯಾಪಕವಾಗಿ ಸಂಗ್ರಹವಾಗಿದೆ ಎಂಬುದನ್ನು ಅಳೆದು ತೋರಿಸಲು ಈ ಶೋಧಕ ಬಹುಮಟ್ಟಿಗೆ ನೆರವಾಯಿತು. 1962ರಲ್ಲಿ ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಹೊರಬಂದಮೇಲೆ ಜನಾಭಿಪ್ರಾಯ ಬಲಿಯಿತು. ಅಮೆರಿಕದಲ್ಲಿ 1970ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಸ್ಥಾಪಿತವಾಯಿತು. 1972ರಲ್ಲಿ ಶುದ್ಧಜಲ ಕಾಯಿದೆ ಜಾರಿಗೆ ಬಂದಿತು. ಭಾರತದ ಸಂಸತ್ತು ಜಲಮಾಲಿನ್ಯ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿದ್ದು 1974ರಲ್ಲಿ.

ಕಾಯಿದೆ ಬಂದಾಗ ಅದರ ಬೆನ್ನಿಗೇ ಪರೀಕ್ಷಾವಿಧಾನಗಳೂ ಬರಬೇಕಾಯಿತು. ಬೇರೆ ಬೇರೆ ಪ್ರಯೋಗಶಾಲೆಗಳು ಬೇರೆ ಬೇರೆ ರೀತಿಯಲ್ಲಿ ಅಳೆದರೆ ನ್ಯಾಯಾಲಯದಲ್ಲಿ ಯಾವ ಸಂಖ್ಯೆಯೂ ನಿಲ್ಲದು. ಆದಕಾರಣ ಅಮೆರಿಕದ ಸಂಸ್ಥೆಯು 1984ರಲ್ಲಿ ತ್ಯಾಜ್ಯನೀರಿನ ಸಾವಯವ ಪದಾರ್ಥಗಳ ಪರೀಕ್ಷೆಗೆಂದು ವಿಧಾನಮಾಲೆಯೊಂದನ್ನು ಅಧಿಕೃತಗೊಳಿಸಿತು. ಅದರಲ್ಲಿ 625 ಎಂಬ ಸಂಖ್ಯೆಯ ವಿಧಾನವನ್ನು ಇಲ್ಲಿ ಉದಾಹರಣೆಯಾಗಿ ನೋಡಬಹುದು. ಒಂದು ಲೀಟರ್ ನೀರನ್ನು ಮೊದಲು ಕ್ಷಾರೀಯಗೊಳಿಸಿ, 60 ಮಿ.ಲೀ. ಡೈಕ್ಲೋರೋಮೀಥೇನಿನೊಡನೆ ಮೂರು ಬಾರಿ ಕುಲುಕಬೇಕು. ಬಳಿಕ ಅದೇ ನೀರನ್ನು ಆಮ್ಲೀಯಗೊಳಿಸಿ ಮತ್ತೆ ಮೂರು ಬಾರಿ. ಒಟ್ಟು 360 ಮಿ.ಲೀ. ದ್ರಾವಕ. ಇದನ್ನೆಲ್ಲ ಆವಿಯಾಗಿಸಿ ಕಡೆಗೆ ಉಳಿಸಿಕೊಳ್ಳುವುದು ಪ್ರತಿ ಭಾಗಕ್ಕೆ ಒಂದು ಮಿ.ಲೀ. ಮಾತ್ರ. ಅದರಲ್ಲಿಯೂ ಯಂತ್ರಕ್ಕೆ ಸೇರುವುದು ಕೆಲವೇ ಮೈಕ್ರೋಲೀಟರ್, ಅಂದರೆ ಒಂದು ಹನಿಗಿಂತಲೂ ಕಡಿಮೆ.

ದಿನಕ್ಕೆ ಹತ್ತು ಮಾದರಿಗಳನ್ನು ಪರೀಕ್ಷಿಸುವ ಪ್ರಯೋಗಶಾಲೆಯೊಂದನ್ನು ಕಲ್ಪಿಸಿಕೊಂಡರೆ ದಿನವೊಂದಕ್ಕೆ 3.6 ಲೀಟರ್, ವರ್ಷದ ಮುನ್ನೂರು ದಿನಗಳಿಗೆ 1,080 ಲೀಟರ್ ದ್ರಾವಕ ಬೇಕಾಗುತ್ತದೆ. ಉಪಕರಣಗಳನ್ನು ತೊಳೆಯಲು, ವಿಧಾನದ ಸರಿತಪ್ಪುಗಳನ್ನು ಪರಿಶೀಲಿಸಲು ಬೇಕಾದದ್ದು ಈ ಲೆಕ್ಕಕ್ಕೆ ಹೊರತು. ಡೈಕ್ಲೋರೋಮೀಥೇನ್ ಸುಮಾರು 40 ಡಿಗ್ರಿ ಸೆಲ್ಸಿಯಸಿನಲ್ಲಿಯೇ ಕುದಿಯುತ್ತದೆ. ಬೇಸಿಗೆಯ ಮಧ್ಯಾಹ್ನದ ಬಿಸಿಲೇ ಅದಕ್ಕೆ ಸಾಕು. ಉಸಿರಿನೊಡನೆ ಒಳಹೊಕ್ಕ ಅದರ ಒಂದಂಶವು ದೇಹದಲ್ಲಿ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಟ್ಟು ರಕ್ತದ ಆಮ್ಲಜನಕವಾಹಕ ಶಕ್ತಿಯನ್ನು ಕುಂದಿಸುತ್ತದೆ. ಅಮೆರಿಕದಲ್ಲಿ ಕೆಲಸದ ಸ್ಥಳದ ಗಾಳಿಯಲ್ಲಿ ಇದಕ್ಕಿದ್ದ ಎಂಟು ಗಂಟೆಗಳ ಮಿತಿಯು ಹತ್ತು ಲಕ್ಷ ಪಾಲಿಗೆ 500 ಪಾಲು. 1997ರಲ್ಲಿ ಅದನ್ನು 25ಕ್ಕೆ ಇಳಿಸಲಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2014ರಲ್ಲಿ ಇದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕವೆಂಬ ವರ್ಗಕ್ಕೆ ಏರಿಸಿತು. ಅಮೆರಿಕದ ಪರಿಸರ ಸಂಸ್ಥೆ 2024ರಲ್ಲಿ ಪ್ರಕಟಿಸಿದ ನಿಯಮವು ಇದರ ಬಹುತೇಕ ಬಳಕೆಗಳನ್ನು ನಿಷೇಧಿಸಿ, ಪ್ರಯೋಗಶಾಲೆಗಳಂಥ ಕೆಲವು ಕಡೆ ಮಾತ್ರ ಎರಡು ಪಾಲಿನ ಕಟ್ಟುನಿಟ್ಟಾದ ಮಿತಿಯೊಡನೆ ಉಳಿಸಿತು. ಐನೂರರಿಂದ ಎರಡಕ್ಕೆ ಇಳಿದ ಈ ಸಂಖ್ಯೆಯು, ಒಂದು ಕಾಲದಲ್ಲಿ ಸುರಕ್ಷಿತವೆಂದು ನಂಬಿದ ಗಾಳಿಯನ್ನು ಉಸಿರಾಡಿದವರ ಬಗೆಗೆ ಯೋಚಿಸುವಂತೆ ಮಾಡುತ್ತದೆ.

ಫ್ರಿಯಾನ್ ಪ್ರಕರಣ

ದ್ರಾವಕಗಳ ಇತಿಹಾಸದಲ್ಲಿ ಅತ್ಯಂತ ಬೋಧಪ್ರದವಾದ ಅಧ್ಯಾಯವೆಂದರೆ ತ್ಯಾಜ್ಯನೀರಿನ ಎಣ್ಣೆ-ಜಿಡ್ಡಿನ ಪರೀಕ್ಷೆಯದು. ಹೋಟೆಲು, ಗ್ಯಾರೇಜು, ಎಣ್ಣೆಯ ಗಿರಣಿ, ಪೆಟ್ರೋಲಿಯಂ ಶುದ್ಧೀಕರಣ ಘಟಕ ಇವೆಲ್ಲದರ ನೀರಿಗೂ ಅನ್ವಯವಾಗುವ, ಆದ್ದರಿಂದ ಅತಿ ಹೆಚ್ಚಾಗಿ ನಡೆಯುವ ಪರೀಕ್ಷೆಗಳಲ್ಲಿ ಇದೊಂದು. ಇದಕ್ಕೆ ಹಿಂದೆ ಪೆಟ್ರೋಲಿಯಂ ಈಥರ್, ಕ್ಲೋರೋಫಾರ್ಮ್, ಕಾರ್ಬನ್ ಟೆಟ್ರಾಕ್ಲೋರೈಡ್‌ಗಳನ್ನು ಬಳಸುತ್ತಿದ್ದರು. ಮೊದಲನೆಯದು ಬೆಂಕಿಗೆ ಸುಲಭವಾಗಿ ಹೊತ್ತಿಕೊಳ್ಳುವಂಥದು. ಕೊನೆಯದು ಯಕೃತ್ತಿಗೆ ಹಾನಿಕರವೆಂದು ಸಿದ್ಧವಾಗಿತ್ತು. ಇವುಗಳ ಜಾಗಕ್ಕೆ ಬಂದದ್ದು ಫ್ರಿಯಾನ್-113 ಎಂಬ ಕ್ಲೋರೋಫ್ಲೋರೋಕಾರ್ಬನ್. ಅದು ಉರಿಯುವುದಿಲ್ಲ, ವಾಸನೆ ಅತ್ಯಲ್ಪ, ವಿಷಗುಣ ಬಹಳ ಕಡಿಮೆ. ಜತೆಗೆ ಅದರಲ್ಲಿ ಹೈಡ್ರೋಜನ್ ಇಲ್ಲದ ಕಾರಣ, ಎಣ್ಣೆಯ ಕಾರ್ಬನ್-ಹೈಡ್ರೋಜನ್ ಬಂಧವನ್ನು ಅವಕೆಂಪು ಕಿರಣಗಳಿಂದ ಅಳೆಯುವಾಗ ದ್ರಾವಕವು ಅಡ್ಡಬರುವುದಿಲ್ಲ. ಪ್ರಯೋಗಶಾಲೆಯ ಕೆಲಸಗಾರನ ದೃಷ್ಟಿಯಿಂದ ಅದನ್ನು ಆರಿಸಿದ್ದು ಸದುದ್ದೇಶದ, ವಿವೇಕದ ನಿರ್ಧಾರವೇ ಆಗಿತ್ತು.

ಆದರೆ ಅದರ ಹಾನಿ ಬೇರೊಂದು ಕಡೆ ಅಡಗಿತ್ತು. ಲವ್‌ಲಾಕ್ ಅವರು 1971-72ರಲ್ಲಿ ಶ್ಯಾಕಲ್ಟನ್ ಎಂಬ ಹಡಗಿನಲ್ಲಿ ಪಯಣಿಸಿ, ತಮ್ಮ ಶೋಧಕದಿಂದಲೇ ಸಾಗರದ ಮೇಲಿನ ಗಾಳಿಯನ್ನು ಅಳೆದಾಗ ಕ್ಲೋರೋಫ್ಲೋರೋಕಾರ್ಬನ್ ಎಲ್ಲೆಡೆ ವ್ಯಾಪಿಸಿರುವುದು ಕಂಡಿತು. 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್ ಅವರು, ಈ ಅನಿಲಗಳು ವಾಯುಮಂಡಲದ ಮೇಲ್ಸ್ತರಕ್ಕೇರಿ ಅಲ್ಲಿ ಒಡೆದು, ಬಿಡುಗಡೆಯಾದ ಕ್ಲೋರಿನ್ ಪರಮಾಣು ಒಂದೊಂದೂ ಸಾವಿರಾರು ಓಝೋನ್ ಅಣುಗಳನ್ನು ನಾಶಮಾಡುತ್ತದೆಂದು ತರ್ಕಿಸಿದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಪ್ರತಿ ವಸಂತದಲ್ಲಿ ಓಝೋನ್ ಪದರ ತೆಳುವಾಗುತ್ತಿರುವುದನ್ನು ವರದಿಮಾಡಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದಿತು. 1996ರ ಆರಂಭದಿಂದ ಮುಂದುವರಿದ ರಾಷ್ಟ್ರಗಳಲ್ಲಿ ಇವುಗಳ ಉತ್ಪಾದನೆ ನಿಲ್ಲಬೇಕೆಂದು ನಿಶ್ಚಯವಾಯಿತು. ಮೊಲಿನಾ ಮತ್ತು ರೋಲ್ಯಾಂಡ್ ಅವರಿಗೆ ಪೌಲ್ ಕ್ರುಟ್ಜೆನ್ ಅವರೊಡನೆ 1995ರ ನೊಬೆಲ್ ಪ್ರಶಸ್ತಿ ಸಂದಿತು.

ಇಲ್ಲಿ ಪ್ರಯೋಗಶಾಲೆಗಳು ಎತ್ತಿದ ವಾದವು ನೀತಿಯ ದೃಷ್ಟಿಯಿಂದ ಮಹತ್ತ್ವದ್ದು. ಎಲೆಕ್ಟ್ರಾನಿಕ್ ಉದ್ಯಮಗಳಲ್ಲಿಯೂ ಶೀತಕ ಯಂತ್ರಗಳಲ್ಲಿಯೂ ಬಳಕೆಯಾಗುತ್ತಿದ್ದ ಪ್ರಮಾಣದೆದುರು ಪ್ರಯೋಗಶಾಲೆಗಳ ಪಾಲು ನಗಣ್ಯ; ಅದೂ ಪರಿಸರ ರಕ್ಷಣೆಗಾಗಿಯೇ ಮಾಡುವ ವೆಚ್ಚ. ಈ ಮಾತಿಗೆ ಬೆಲೆ ಸಿಕ್ಕಿತು. 1994ರಲ್ಲಿ ನೈರೋಬಿಯಲ್ಲಿ ಸೇರಿದ ಸದಸ್ಯ ರಾಷ್ಟ್ರಗಳು ಪ್ರಯೋಗಶಾಲೆಯ ಬಳಕೆಗೆ ವಿನಾಯಿತಿ ಕೊಟ್ಟವು. ಆದರೆ ವಿನಾಯಿತಿಯು ಹಕ್ಕಾಗಿ ಬೆಳೆಯಬಾರದೆಂಬ ಎಚ್ಚರವೂ ಅವುಗಳಿಗಿತ್ತು. 1999ರ ಬೀಜಿಂಗ್ ಸಭೆಯಲ್ಲಿ ಮೂರು ಬಳಕೆಗಳನ್ನು ವಿನಾಯಿತಿಯ ಪಟ್ಟಿಯಿಂದ 2002ರಿಂದ ತೆಗೆದುಹಾಕಲು ತೀರ್ಮಾನವಾಯಿತು. ನೀರಿನಲ್ಲಿರುವ ಎಣ್ಣೆ-ಜಿಡ್ಡು ಮತ್ತು ಪೆಟ್ರೋಲಿಯಂ ಅಂಶದ ಪರೀಕ್ಷೆಯೇ ಅವುಗಳಲ್ಲಿ ಮೊದಲನೆಯದು. ಬೇರೆ ದಾರಿ ಕಂಡಮೇಲೂ ಹಳೆಯ ದಾರಿಯಲ್ಲಿ ನಡೆಯುವುದಕ್ಕೆ ‘ನಮ್ಮ ಪಾಲು ಅಲ್ಪ’ ಎಂಬ ಸಮಾಧಾನ ಸಾಲದೆಂಬುದು ಈ ನಿರ್ಣಯದ ತಿರುಳು.

ಅಳತೆಯೇ ಬದಲಾಗುವ ಭಯ

ಬೇರೆ ದಾರಿ ಕಾಣುವುದು ಸುಲಭವಾಗಿರಲಿಲ್ಲ. ಕಾರಣವನ್ನು ವಿವರಿಸುವುದು ಅಗತ್ಯ. ಸೀಸ, ಪಾದರಸಗಳನ್ನು ಯಾವ ವಿಧಾನದಿಂದ ಅಳೆದರೂ ಅವು ಸೀಸ, ಪಾದರಸಗಳೇ. ‘ಎಣ್ಣೆ-ಜಿಡ್ಡು’ ಎಂಬುದಾದರೋ ಒಂದೇ ಪದಾರ್ಥದ ಹೆಸರಲ್ಲ. ನಿಗದಿತ ದ್ರಾವಕಕ್ಕೆ ನಿಗದಿತ ರೀತಿಯಲ್ಲಿ ಯಾವುದು ಯಾವುದು ಬಿಟ್ಟುಕೊಳ್ಳುತ್ತದೆಯೋ ಅದೆಲ್ಲದರ ಮೊತ್ತವೇ ಎಣ್ಣೆ-ಜಿಡ್ಡು. ವಿಧಾನವೇ ಇಲ್ಲಿ ವಸ್ತುವಿನ ಲಕ್ಷಣವನ್ನು ನಿರ್ಣಯಿಸುತ್ತದೆ. ದ್ರಾವಕವನ್ನು ಬದಲಿಸಿದರೆ ಅಳೆಯುವ ವಸ್ತುವೇ ಬದಲಾದಂತೆ. ನಿನ್ನೆಯವರೆಗೆ ಮಿತಿಯೊಳಗಿದ್ದ ಕಾರ್ಖಾನೆಯು ನೀರಿನಲ್ಲಿ ಯಾವ ವ್ಯತ್ಯಾಸವೂ ಆಗದೆ ಇಂದು ಅಪರಾಧಿಯಾಗಬಹುದು. ಅಪರಾಧಿಯು ನಿರಪರಾಧಿಯಾಗಿ ತೋರಬಹುದು. ತಕ್ಕಡಿಯ ಕಲ್ಲನ್ನು ಬದಲಿಸುವವನು ಕೊಳ್ಳುವವನಿಗೂ ಮಾರುವವನಿಗೂ ಉತ್ತರ ಹೇಳಬೇಕಾಗುತ್ತದೆ.

ಅಮೆರಿಕದ ಸಂಸ್ಥೆಯು 1990ರ ದಶಕದ ಆರಂಭದಿಂದ ಹಂತಹಂತವಾಗಿ ತುಲನಾತ್ಮಕ ಪರೀಕ್ಷೆಗಳನ್ನು ನಡೆಸಿತು. ಹೆಕ್ಸೇನ್, ಡೈಕ್ಲೋರೋಮೀಥೇನ್, ಪರ್‌ಕ್ಲೋರೋಎಥಿಲೀನ್ ಮೊದಲಾದವನ್ನು ಫ್ರಿಯಾನಿನೊಡನೆ ಹೋಲಿಸಿ ನೋಡಲಾಯಿತು. ಯಾವುದೂ ಫ್ರಿಯಾನಿಗೆ ಸಂಪೂರ್ಣ ಸಮನಾಗಲಿಲ್ಲ. ಕೊನೆಗೆ ಹೆಕ್ಸೇನನ್ನು ಆರಿಸಿ, 1999ರ ಮೇ 14ರಂದು 1664 ಎಂಬ ಸಂಖ್ಯೆಯ ಹೊಸ ವಿಧಾನವನ್ನು ಅಧಿಕೃತವಾಗಿ ಪ್ರಕಟಿಸಲಾಯಿತು. ಇದರಲ್ಲಿ ಒಂದು ಲೀಟರ್ ನೀರನ್ನು ಆಮ್ಲೀಯಗೊಳಿಸಿ, 30 ಮಿ.ಲೀ.ಯಂತೆ ಮೂರು ಬಾರಿ ಹೆಕ್ಸೇನಿನೊಡನೆ ಕುಲುಕಿ, ದ್ರಾವಕವನ್ನು ಬಟ್ಟಿ ಇಳಿಸಿ ಶೇಷವನ್ನು ತೂಗಲಾಗುತ್ತದೆ. ಫಲಿತಾಂಶದ ಹೆಸರನ್ನೂ ‘ಹೆಕ್ಸೇನಿನಿಂದ ಹೊರತೆಗೆಯಬಹುದಾದ ಪದಾರ್ಥ’ ಎಂದು ಬದಲಿಸಲಾಯಿತು. ಹೊಸ ಅಳತೆಯನ್ನು ಹಳೆಯ ಅಳತೆಯ ಹೆಸರಿನಲ್ಲಿಯೇ ಸಾಗಿಸದೆ, ಅದು ಬೇರೆಯೆಂದು ಹೆಸರಿನಲ್ಲಿಯೇ ಒಪ್ಪಿಕೊಂಡ ಈ ಪ್ರಾಮಾಣಿಕತೆ ಶ್ಲಾಘನೀಯ. ಯೂರೋಪಿನಲ್ಲಿಯೂ ಬೇರೆಡೆಗಳಲ್ಲಿಯೂ 2000ದಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನಕವೊಂದು ಅವಕೆಂಪು ಕಿರಣದ ವಿಧಾನಕ್ಕೆ ಬದಲಾಗಿ ಗ್ಯಾಸ್ ಕ್ರೊಮ್ಯಾಟೊಗ್ರಫಿಯನ್ನು ತಂದಿತು.

ಹಾಗಾದರೆ ಹೆಕ್ಸೇನ್ ನಿರಪಾಯವೇ? ಇಲ್ಲ. ಅದು ಓಝೋನ್ ಪದರವನ್ನು ಕೆಡಿಸುವುದಿಲ್ಲ, ನಿಜ. ಆದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. 1960ರ ದಶಕದಲ್ಲಿ ಜಪಾನಿನಲ್ಲಿ ಚಪ್ಪಲಿ ತಯಾರಿಕೆಯ ಅಂಟಿನಲ್ಲಿದ್ದ ಹೆಕ್ಸೇನನ್ನು ದೀರ್ಘಕಾಲ ಉಸಿರಾಡಿದ ಕೆಲಸಗಾರರಿಗೆ ಕೈಕಾಲುಗಳ ನರಗಳು ದುರ್ಬಲವಾಗುವ ರೋಗ ತಗುಲಿತ್ತು. ಫ್ರಿಯಾನಿನ ಹಾನಿ ಆಕಾಶಕ್ಕೆ, ಹೆಕ್ಸೇನಿನ ಹಾನಿ ಎದುರು ನಿಂತು ಕೆಲಸ ಮಾಡುವ ಸಹಾಯಕನಿಗೆ. ಒಂದು ವಿಷವನ್ನು ಇನ್ನೊಂದರಿಂದ ಬದಲಿಸಿದಾಗ ಅನೇಕ ವೇಳೆ ಹಿಂಸೆ ನಾಶವಾಗುವುದಿಲ್ಲ, ಸ್ಥಳಾಂತರಗೊಳ್ಳುತ್ತದೆ ಎಂಬ ಸತ್ಯ ಇಲ್ಲಿ ಸ್ಪಷ್ಟವಾಗುತ್ತದೆ. ಬದಲಾವಣೆ ಅನಿವಾರ್ಯವಾಗಿತ್ತು, ಆದರೆ ಅದನ್ನೇ ಸುಧಾರಣೆಯ ಕೊನೆಯೆಂದು ಭಾವಿಸುವಂತಿರಲಿಲ್ಲ. ‘ಯಾವ ದ್ರಾವಕ’ ಎಂಬ ಪ್ರಶ್ನೆಯ ಜತೆಗೆ ‘ಎಷ್ಟು ದ್ರಾವಕ’, ‘ದ್ರಾವಕವೇ ಬೇಕೆ’ ಎಂಬ ಪ್ರಶ್ನೆಗಳನ್ನು ಕೇಳಿದವರಿಂದಲೇ ಮುಂದಿನ ಹೆಜ್ಜೆ ಸಾಧ್ಯವಾಯಿತು.

ಕಡಿಮೆ ಮಾಡಿದವರು

ಅಂಥ ಪ್ರಯತ್ನಗಳಲ್ಲಿ ಮೊದಲಿನದೊಂದು 1974ರದು. ಅಮೆರಿಕದ ಸಿನ್ಸಿನಾಟಿಯ ಪರಿಸರ ಪ್ರಯೋಗಶಾಲೆಯ ಬೆಲ್ಲರ್ ಮತ್ತು ಲಿಚ್ಟನ್‌ಬರ್ಗ್ ಅವರು, ಸುಲಭವಾಗಿ ಆವಿಯಾಗುವ ಮಾಲಿನ್ಯಕಾರಕಗಳನ್ನು ಹುಡುಕಲು ದ್ರಾವಕದ ಅಗತ್ಯವೇ ಇಲ್ಲವೆಂದು ತೋರಿಸಿದರು. ನೀರಿನೊಳಗೆ ನಿಷ್ಕ್ರಿಯ ಅನಿಲದ ಗುಳ್ಳೆಗಳನ್ನು ಹಾಯಿಸಿದರೆ ಆ ಪದಾರ್ಥಗಳು ಅನಿಲದೊಡನೆ ಹೊರಬಂದು ಒಂದು ಕೊಳವೆಯಲ್ಲಿ ಸಿಕ್ಕಿಬೀಳುತ್ತವೆ. ಕೊಳವೆಯನ್ನು ಬಿಸಿಮಾಡಿ ನೇರವಾಗಿ ಯಂತ್ರಕ್ಕೆ ಕಳುಹಿಸಬಹುದು.

1978ರಲ್ಲಿ ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಸಿಲಿಕಾದಂಥ ಹುಡಿಯನ್ನು ತುಂಬಿದ ಕಾರ್ಟ್ರಿಜ್‌ಗಳು ಮಾರುಕಟ್ಟೆಗೆ ಬಂದುವು. ಲೀಟರುಗಟ್ಟಲೆ ನೀರನ್ನು ಇದರ ಮೂಲಕ ಹಾಯಿಸಿದಾಗ ಮಾಲಿನ್ಯಕಾರಕಗಳು ಹುಡಿಗೆ ಅಂಟಿಕೊಳ್ಳುತ್ತವೆ. ಅವನ್ನು ಬಿಡಿಸಲು ಕೆಲವೇ ಮಿ.ಲೀ. ದ್ರಾವಕ ಸಾಕು. ಕುಡಿಯುವ ನೀರಿನ ಪರೀಕ್ಷೆಗೆ ಅಮೆರಿಕದ ಸಂಸ್ಥೆ ಈ ಕ್ರಮವನ್ನು 1980ರ ದಶಕದ ಕೊನೆಗೆ ಅಂಗೀಕರಿಸಿತು. ನೂರಾರು ಮಿ.ಲೀ. ಬೇಕಾಗುತ್ತಿದ್ದ ಕಡೆ ಹತ್ತಾರು ಮಿ.ಲೀ.ಯಲ್ಲಿ ಕೆಲಸ ಮುಗಿಯತೊಡಗಿತು. 1990ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜಾನುಷ್ ಪಾವ್ಲಿಷಿನ್ ಮತ್ತು ಅವರ ಸಹೋದ್ಯೋಗಿ ಆರ್ಥರ್ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ತೆಳುವಾದ ಲೇಪನವುಳ್ಳ ಕೂದಲೆಳೆಯಂಥ ಗಾಜಿನ ತಂತುವನ್ನು ನೀರಿನಲ್ಲಿ ಅದ್ದಿದರೆ ಮಾಲಿನ್ಯಕಾರಕಗಳು ಲೇಪನಕ್ಕೆ ಸೇರುತ್ತವೆ. ತಂತುವನ್ನು ಯಂತ್ರದ ಬಿಸಿಯಾದ ಬಾಯಿಗೆ ಒಡ್ಡಿದರೆ ಅವು ಅಲ್ಲಿ ಬಿಡುಗಡೆಯಾಗುತ್ತವೆ. ದ್ರಾವಕದ ಬಳಕೆ ಇಲ್ಲಿ ಸೊನ್ನೆ; ಅದೇ ತಂತುವನ್ನು ಅನೇಕ ಬಾರಿ ಬಳಸಬಹುದು.

ಮಣ್ಣಿನ ಪರೀಕ್ಷೆಯಲ್ಲಿ ಒತ್ತಡ ಮತ್ತು ಶಾಖಗಳನ್ನು ಒಟ್ಟಿಗೆ ಪ್ರಯೋಗಿಸುವ ಯಂತ್ರಗಳು 1990ರ ದಶಕದ ಮಧ್ಯಭಾಗದಲ್ಲಿ ಬಂದು, ಸಾಕ್ಸ್‌ಲೆಟ್ ಉಪಕರಣದಲ್ಲಿ ಇಡೀ ದಿನ ತೆಗೆದುಕೊಳ್ಳುತ್ತಿದ್ದ ಕೆಲಸವನ್ನು ಅಲ್ಪ ದ್ರಾವಕದಿಂದ ನಿಮಿಷಗಳಲ್ಲಿ ಮುಗಿಸಿದುವು. ಹಣ್ಣು ತರಕಾರಿಗಳಲ್ಲಿನ ಕೀಟನಾಶಕ ಶೇಷದ ಪರೀಕ್ಷೆಯಲ್ಲಿ 2003ರಲ್ಲಿ ಮಹತ್ತರ ತಿರುವು ಉಂಟಾಯಿತು. ಮಿಖಲಾಂಜೆಲೋ ಅನಾಸ್ಟಾಸಿಯಾಡೆಸ್, ಸ್ಟೀವನ್ ಲೆಹೋಟೆ ಮತ್ತು ಸಂಗಡಿಗರು ಪ್ರಕಟಿಸಿದ ‘ಕ್ವೆಚರ್ಸ್’ ಎಂಬ ವಿಧಾನದಲ್ಲಿ 10 ಗ್ರಾಂ ಮಾದರಿಗೆ 10 ಮಿ.ಲೀ. ಅಸಿಟೋನೈಟ್ರೈಲ್ ಸಾಕು. ಲವಣಗಳನ್ನು ಹಾಕಿ ಕೈಯಿಂದ ಕುಲುಕಿ, ಗಿರ್ರನೆ ತಿರುಗಿಸುವ ಯಂತ್ರದಲ್ಲಿಟ್ಟರೆ ಪದರಗಳು ಬೇರ್ಪಡುತ್ತವೆ. ಹಿಂದಿನ ವಿಧಾನಗಳಲ್ಲಿ ಅಸಿಟೋನ್, ಡೈಕ್ಲೋರೋಮೀಥೇನ್, ಪೆಟ್ರೋಲಿಯಂ ಈಥರ್‌ಗಳನ್ನು ನೂರಾರು ಮಿ.ಲೀ. ಸುರಿಯುತ್ತಿದ್ದರು. ಹೊಸ ವಿಧಾನವು ಅಗ್ಗವೂ ಶೀಘ್ರವೂ ಆದ್ದರಿಂದ ಜಗತ್ತಿನಾದ್ಯಂತ ಹರಡಿತು. ಲೋಭವನ್ನೂ ಶ್ರಮವನ್ನೂ ಉಳಿಸುವ ಒಳ್ಳೆಯ ಕೆಲಸಕ್ಕೆ ಅನುಯಾಯಿಗಳು ಬೇಗ ಸಿಗುತ್ತಾರೆಂಬುದು ಇದರಿಂದ ತಿಳಿಯುವ ಲೋಕನೀತಿ.

ಅಭಾವವೂ ಒಮ್ಮೆ ಗುರುವಾಯಿತು. ಅಸಿಟೋನೈಟ್ರೈಲ್ ಎಂಬುದು ಪ್ಲಾಸ್ಟಿಕ್ ಮತ್ತು ಕೃತಕ ನೂಲಿಗೆ ಬೇಕಾದ ಅಕ್ರಿಲೋನೈಟ್ರೈಲ್ ತಯಾರಿಸುವಾಗ ದೊರೆಯುವ ಉಪೋತ್ಪನ್ನ. 2008ರ ಆರ್ಥಿಕ ಕುಸಿತದಲ್ಲಿ ಆ ಉದ್ಯಮ ತಗ್ಗಿದಾಗ ಈ ದ್ರಾವಕಕ್ಕೆ ಜಗತ್ತಿನಲ್ಲೆಲ್ಲ ಬರ ಬಂದು ಬೆಲೆ ಏರಿತು. ‘ಇಷ್ಟೇ ಬೇಕು, ಇದಕ್ಕಿಂತ ಕಡಿಮೆ ಆಗದು’ ಎನ್ನುತ್ತಿದ್ದ ಪ್ರಯೋಗಶಾಲೆಗಳು ಸಣ್ಣ ಕೊಳವೆ, ಕಡಿಮೆ ಹರಿವು, ಪರ್ಯಾಯ ದ್ರಾವಕಗಳನ್ನು ಅಂದೇ ಹುಡುಕತೊಡಗಿದುವು.

ಬಿಡಿಬಿಡಿಯಾದ ಈ ಪ್ರಯತ್ನಗಳಿಗೆ ಒಂದು ಸಿದ್ಧಾಂತದ ಚೌಕಟ್ಟನ್ನು ಒದಗಿಸಿದವರು ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್. 1998ರಲ್ಲಿ ಅವರು ಹಸಿರು ರಸಾಯನಶಾಸ್ತ್ರದ ಹನ್ನೆರಡು ಸೂತ್ರಗಳನ್ನು ಮಂಡಿಸಿದರು. ತ್ಯಾಜ್ಯವನ್ನು ಉಂಟುಮಾಡಿ ಶುದ್ಧೀಕರಿಸುವುದಕ್ಕಿಂತ ಉಂಟಾಗದಂತೆ ತಡೆಯುವುದೇ ಮೇಲು ಎಂಬುದು ಅವುಗಳಲ್ಲಿ ಮೊದಲನೆಯದು. 2013ರಲ್ಲಿ ಪೋಲೆಂಡಿನ ಗಲುಷ್ಕಾ, ಮಿಗಾಷೆವ್‌ಸ್ಕಿ ಮತ್ತು ನಾಮ್ಯೆಶ್ನಿಕ್ ಅವರು ಇದೇ ಮಾದರಿಯಲ್ಲಿ ವಿಶ್ಲೇಷಣ ರಸಾಯನಶಾಸ್ತ್ರಕ್ಕೆಂದೇ ಪ್ರತ್ಯೇಕವಾದ ಹನ್ನೆರಡು ಸೂತ್ರಗಳನ್ನು ರಚಿಸಿದರು.

ಬಗೆಹರಿಯದ ಪ್ರಶ್ನೆ

ಇಷ್ಟಾದರೂ ದಾರಿ ಸಂಪೂರ್ಣ ಸುಗಮವಾಗಿಲ್ಲ. ಎಣ್ಣೆ-ಜಿಡ್ಡನ್ನು ದ್ರಾವಕವೇ ಇಲ್ಲದೆ ವಿಶೇಷ ಪೊರೆಯೊಂದರ ಮೇಲೆ ಹಿಡಿದು ಅವಕೆಂಪು ಕಿರಣದಿಂದ ಅಳೆಯುವ ವಿಧಾನವನ್ನು ಅಮೆರಿಕದ ಮಾನಕ ಸಂಸ್ಥೆಯೊಂದು ಡಿ-7575 ಎಂಬ ಸಂಖ್ಯೆಯಿಂದ ಪ್ರಕಟಿಸಿತು. ಕಾರ್ಖಾನೆಗಳ ಪರವಾನಗಿಗೂ ಇದನ್ನು ಒಪ್ಪಬೇಕೆಂಬ ಸೂಚನೆಯನ್ನು ಪರಿಸರ ಸಂಸ್ಥೆ ಪರಿಶೀಲಿಸಿ, 2012ರ ನಿಯಮ ಪರಿಷ್ಕರಣದಲ್ಲಿ ಸೇರಿಸಲು ನಿರಾಕರಿಸಿತು. ಎಣ್ಣೆ-ಜಿಡ್ಡು ವಿಧಾನದಿಂದಲೇ ಲಕ್ಷಣ ಪಡೆಯುವ ವಸ್ತುವಾದ್ದರಿಂದ, ಬೇರೊಂದು ತತ್ತ್ವದ ಮೇಲೆ ನಿಂತ ಅಳತೆಯನ್ನು ಅದಕ್ಕೆ ಸಮವೆಂದು ಹೇಳಲಾಗದೆಂಬುದು ಇದಕ್ಕೆ ಆಧಾರ.

ಇದನ್ನು ಕೇವಲ ಅಧಿಕಾರಿಗಳ ಜಡತೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಳತೆಯ ಸ್ಥಿರತೆಯ ಮೇಲೆಯೇ ಕಾನೂನಿನ ವಿಶ್ವಾಸ ನಿಂತಿದೆ. ಅಳತೆ ತಪ್ಪಿದರೆ ಕೊಳಕು ನೀರು ಶುದ್ಧವೆಂಬ ಹಣೆಪಟ್ಟಿಯೊಡನೆ ನದಿಗೆ ಸೇರೀತು; ಆ ಹಾನಿಯು ಪ್ರಯೋಗಶಾಲೆಯಲ್ಲಿ ಆವಿಯಾಗುವ ನೂರು ಮಿ.ಲೀ. ಹೆಕ್ಸೇನಿಗಿಂತ ಎಷ್ಟೋ ಪಾಲು ಹೆಚ್ಚು. ಇತ್ತ ಸ್ಥಿರತೆಯ ಹೆಸರಿನಲ್ಲಿ ಹಳೆಯ ವಿಧಾನಕ್ಕೇ ಜೋತುಬೀಳುವುದೂ ತಪ್ಪು. ಸತ್ಯಕ್ಕೆ ನಿಷ್ಠೆ, ಹಾನಿಯ ನಿವಾರಣೆ ಎಂಬೆರಡು ಕರ್ತವ್ಯಗಳು ಪರಸ್ಪರ ಎದುರಾಗಿ ನಿಲ್ಲುವ ಸಂದರ್ಭವಿದು. ನಡುವಿನ ದಾರಿಯನ್ನು ಅದೇ ಸಂಸ್ಥೆಯೇ ತೋರಿದೆ. 1664ನೆಯ ವಿಧಾನದಲ್ಲಿ ಕುಲುಕುವ ಕ್ರಮಕ್ಕೆ ಬದಲಾಗಿ ಹುಡಿಯ ಬಿಲ್ಲೆಗಳ ಮೂಲಕ ನೀರನ್ನು ಹಾಯಿಸಿ, ಕಡೆಗೆ ಹೆಕ್ಸೇನಿನಿಂದಲೇ ಬಿಡಿಸಿಕೊಳ್ಳಲು ಅವಕಾಶವಿದೆ. 2017ರಲ್ಲಿ ಹಳೆಯ 608 ಮತ್ತು 625ನೆಯ ವಿಧಾನಗಳನ್ನು ಪರಿಷ್ಕರಿಸಿದಾಗಲೂ ಇಂಥ ಅವಕಾಶ ಕಲ್ಪಿಸಲಾಯಿತು. ಫಲಿತಾಂಶ ಸರಿಯೆಂದು ಪುರಾವೆಸಹಿತ ತೋರಿಸುವ ಹೊಣೆ ಮಾತ್ರ ಪ್ರಯೋಗಶಾಲೆಯದು.

ಕರ್ನಾಟಕದ ಸಂದರ್ಭ

ಭಾರತವು 1992ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತು. 2000ದಲ್ಲಿ ಓಝೋನ್ ನಾಶಕ ಪದಾರ್ಥಗಳ ನಿಯಂತ್ರಣ ನಿಯಮಗಳು ಬಂದುವು. ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಒಪ್ಪಂದವು ಕ್ಲೋರೋಫ್ಲೋರೋಕಾರ್ಬನ್ ಮತ್ತು ಕಾರ್ಬನ್ ಟೆಟ್ರಾಕ್ಲೋರೈಡ್‌ಗಳ ವಿಷಯದಲ್ಲಿ 2010ರ ಗಡಿಯನ್ನು ಹಾಕಿತ್ತು. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನಕದ ಪ್ರಕಾರ, ಕೆರೆ ನದಿಗಳಿಗೆ ಬಿಡುವ ತ್ಯಾಜ್ಯನೀರಿನಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ಮೀರಬಾರದು. ಸಾರ್ವಜನಿಕ ಚರಂಡಿಗಾದರೆ 20. ಬೆಂಗಳೂರಿನ ಪೀಣ್ಯದ ಕಾರ್ಖಾನೆಗೂ ಕರಾವಳಿಯ ಉದ್ಯಮಗಳಿಗೂ ಈ ಪರೀಕ್ಷೆ ತಪ್ಪಿದ್ದಲ್ಲ. ಮಾರ್ಜಕಗಳ ಅಂಶವನ್ನು ಮೆಥಿಲೀನ್ ನೀಲಿಯಿಂದ ಪರೀಕ್ಷಿಸುವಾಗ ಕ್ಲೋರೋಫಾರ್ಮನ್ನು ಬಳಸುವ ಸಾಂಪ್ರದಾಯಿಕ ವಿಧಾನವೂ ಎಲ್ಲ ಜಲಪರೀಕ್ಷಕರಿಗೆ ಪರಿಚಿತ.

ಈ ಪ್ರಶ್ನೆ ಸರಕಾರಿ ಪ್ರಯೋಗಶಾಲೆಗಳಿಗಷ್ಟೇ ಸೀಮಿತವಲ್ಲ. ಶಾಲೆ, ಕಾಲೇಜು, ಆಸ್ಪತ್ರೆಗಳನ್ನು ನಡೆಸುವ ಧಾರ್ಮಿಕ ಟ್ರಸ್ಟುಗಳು ರಾಜ್ಯದಲ್ಲಿ ಅನೇಕ ಇವೆ. ಅವುಗಳ ರಸಾಯನಶಾಸ್ತ್ರದ ಕೊಠಡಿಗಳಲ್ಲಿಯೂ ಇದೇ ದ್ರಾವಕಗಳು ಬಾಟಲಿಗಳಲ್ಲಿ ನಿಂತಿರುತ್ತವೆ. ವರ್ಷಕ್ಕೆ ಎಷ್ಟು ಕೊಂಡದ್ದು, ಎಷ್ಟು ಬಟ್ಟಿ ಇಳಿಸಿ ಮರಳಿ ಪಡೆದದ್ದು, ಉಳಿದದ್ದು ಎಲ್ಲಿ ಹೋಯಿತು ಎಂಬ ಮೂರು ಅಂಕಣಗಳ ಲೆಕ್ಕಪುಸ್ತಕವೊಂದನ್ನು ಇಟ್ಟರೆ ಸುಧಾರಣೆಯ ಅರ್ಧ ಕೆಲಸ ಆದಂತೆ. ಕ್ಲೋರಿನ್‌ಯುಕ್ತ ದ್ರಾವಕವನ್ನು ಬೇರೆ ದ್ರಾವಕದೊಡನೆ ಬೆರೆಸದೆ ಪ್ರತ್ಯೇಕ ಡಬ್ಬಿಯಲ್ಲಿ ಸಂಗ್ರಹಿಸುವುದು, ಯಾವುದನ್ನೂ ತೊಟ್ಟಿಯ ಕೊಳವೆಗೆ ಸುರಿಯದಿರುವುದು, ವಿದ್ಯಾರ್ಥಿಗಳ ಪ್ರಯೋಗಗಳನ್ನು ಹತ್ತರಲ್ಲಿ ಒಂದು ಪಾಲಿನ ಪ್ರಮಾಣಕ್ಕೆ ಇಳಿಸುವುದು, ಇವುಗಳಿಗೆ ಹೆಚ್ಚಿನ ಹಣವೇನೂ ಬೇಕಿಲ್ಲ. ಹೊರಗಿನ ಪ್ರಯೋಗಶಾಲೆಗೆ ಬಾವಿಯ ನೀರನ್ನೋ ಕಾರ್ಖಾನೆಯ ನೀರನ್ನೋ ಕಳುಹಿಸುವವರು ಫಲಿತಾಂಶದ ಜತೆಗೆ ವಿಧಾನವನ್ನೂ ವಿಚಾರಿಸಿದರೆ ಅಲ್ಲಿಯೂ ಎಚ್ಚರ ಮೂಡುತ್ತದೆ.

ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವ ಮನೆಗಳಲ್ಲಿ ಸೋಸುವುದರೊಡನೆ ಕೆಲಸ ಮುಗಿಯುವುದಿಲ್ಲ; ಬಟ್ಟೆಯಲ್ಲಿ ಉಳಿದುದನ್ನು ನೀರು ತಂದ ನೆಲೆಗೇ ಜಾಗ್ರತೆಯಿಂದ ಮರಳಿಸುವುದೂ ಆ ಆಚರಣೆಯ ಭಾಗವೇ. ಸಾಕ್ಸ್‌ಲೆಟ್ ಅವರ ಗಾಜಿನ ಬುರುಡೆಯಿಂದ ಪಾವ್ಲಿಷಿನ್ ಅವರ ತಂತುವಿನವರೆಗೆ ನೂರ ಹತ್ತು ವರ್ಷಗಳ ದಾರಿಯನ್ನು ಸವೆಸಿ ಆಧುನಿಕ ವಿಜ್ಞಾನವು ಕಲಿತದ್ದೂ ಹೆಚ್ಚುಕಡಿಮೆ ಇದನ್ನೇ. ಪರೀಕ್ಷಿಸುವವನ ಹೊಣೆ ಫಲಿತಾಂಶವನ್ನು ಬರೆದು ಸಹಿ ಹಾಕಿದಲ್ಲಿಗೆ ತೀರುವುದಿಲ್ಲ. ಪರೀಕ್ಷೆಗೆಂದು ಬಳಸಿದ ಕೊನೆಯ ಹನಿಯು ಎಲ್ಲಿಗೆ ಸೇರಿತೆಂಬುದಕ್ಕೂ ಅವನು ಲೆಕ್ಕ ಕೊಡಬೇಕಾಗುತ್ತದೆ.